ಕೆರೆಯ ಬಾಯಲ್ಲಿ ಜೌಗು ಕಟ್ಟುವುದು: ನೀರಿನ ಲೆಕ್ಕ ಮೊದಲು, ಗಿಡ ಆಮೇಲೆ

ಬೆಂಗಳೂರಿನ ಕೆರೆಗಳನ್ನು ಕಟ್ಟಿದ್ದು ಮಳೆನೀರು ಹಿಡಿಯಲು. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ದೊಡ್ಡ ಹೊಳೆ ಯಾವುದೂ ಇಲ್ಲ. ಹಾಗಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳುದ್ದಕ್ಕೂ ಒಂದರ ಕೋಡಿ ನೀರು ಇನ್ನೊಂದಕ್ಕೆ ಇಳಿಯುವಂತೆ ಕೆರೆಗಳ ಸಾಲು ಕಟ್ಟಿದರು. ಬೇಸಿಗೆಯಲ್ಲಿ ಎಷ್ಟೋ ಕೆರೆ ಬತ್ತುತ್ತಿದ್ದವು, ರೈತರು ಅಂಗಳದ ಗೋಡು ಹೊಲಕ್ಕೆ ಸಾಗಿಸುತ್ತಿದ್ದರು. ಈಗ ಅದೇ ಕೆರೆಗಳಿಗೆ ಮಾರ್ಚ್ ತಿಂಗಳಲ್ಲೂ ನೀರು ಬರುತ್ತದೆ. ಅದು ನಮ್ಮ ಮನೆಗಳ ಬಚ್ಚಲು, ಶೌಚಾಲಯದ ನೀರು. ಒಂದಷ್ಟು ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಶುದ್ಧವಾಗಿ ಬರುತ್ತದೆ, ಒಂದಷ್ಟು ಅರ್ಧಂಬರ್ಧ, ಉಳಿದದ್ದು ನೇರವಾಗಿ ರಾಜಕಾಲುವೆಯಿಂದ.

ಈ ನೀರು ಕೆರೆಗೆ ಇಳಿಯುವ ಕಡೆ ಒಂದೆರಡು ಎಕರೆ ಜೌಗು ಕಟ್ಟಿದರೆ ಎಸ್‌ಟಿಪಿ ಬಿಟ್ಟುಹೋದ ಕೆಲಸದಲ್ಲಿ ಬಹುಪಾಲು ಅಲ್ಲಿ ನಡೆಯುತ್ತದೆ. ಜಕ್ಕೂರು ಕೆರೆಯಲ್ಲಿ ಈ ಏರ್ಪಾಡು ಕಣ್ಣಿಗೆ ಕಾಣುವಂತಿದೆ: ಎಸ್‌ಟಿಪಿ ನೀರು ಜೊಂಡಿನ ಜೌಗು ಹಾದು ಕೆರೆಗೆ ಬರುತ್ತದೆ. ಕೆರೆ ಬಳಗಗಳು ಇದನ್ನು ತಮ್ಮ ಕೆರೆಯಲ್ಲೂ ಮಾಡಲು ಹೊರಟಾಗ ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಯಾವ ಗಿಡ ನೆಡಬೇಕು?’ ಅದು ಕೊನೆಗೆ ಕೇಳಬೇಕಾದದ್ದು. ನೀರು ಎಷ್ಟು ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಅಗಲಕ್ಕೂ ಸಮನಾಗಿ ಹರಡುತ್ತದೆಯೇ, ಅದರ ಮಟ್ಟ ಏರಿಸಿ ಇಳಿಸುವ ಕೈ ಯಾವುದು ಎಂಬ ನಾಲ್ಕಕ್ಕೆ ಉತ್ತರ ಸಿಕ್ಕರೆ ಗಿಡ ತಾನಾಗಿಯೂ ಬರುತ್ತದೆ. ಸಿಗದಿದ್ದರೆ ನರ್ಸರಿಯಿಂದ ಲಾರಿಗಟ್ಟಲೆ ತಂದು ನೆಟ್ಟರೂ ಎರಡು ಮಳೆಗಾಲ ದಾಟುವುದಿಲ್ಲ.

ಕರಾವಳಿಯ ಜೌಗನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯಲ್ಲಾಗಲಿ, ಹೊನ್ನಾವರದ ಶರಾವತಿ ದಡದಲ್ಲಾಗಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನಿಲ್ಲುವುದು ಉಬ್ಬರದ ನೀರು ತಕ್ಕಷ್ಟು ಹೊತ್ತು ನಿಂತು, ಇಳಿತದಲ್ಲಿ ಬೇರಿಗೆ ಗಾಳಿ ಸಿಗುವ ಎತ್ತರದಲ್ಲಿ ಮಾತ್ರ. ಅದಕ್ಕಿಂತ ತಗ್ಗಿನ ಕೆಸರಿನಲ್ಲಿ ನೆಟ್ಟ ಸಸಿ ಉಸಿರುಕಟ್ಟಿ ಸಾಯುತ್ತದೆ. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರವೇ ಮಟ್ಟ ಬದಲಿಸುತ್ತದೆ. ಬೆಂಗಳೂರಿನಲ್ಲಿ ಆ ಕೆಲಸ ಮಾಡಬೇಕಾದದ್ದು ತೂಬಿನ ಹಲಗೆ, ಅದನ್ನು ಎತ್ತಿ ಹಾಕುವ ನೀರಗಂಟಿ.

ಬರುವ ನೀರನ್ನು ಅಳೆಯಿರಿ

ಜನವರಿ–ಫೆಬ್ರವರಿ ಇದಕ್ಕೆ ಸರಿಯಾದ ಕಾಲ. ಮೂರ್ನಾಲ್ಕು ದಿನ ಮಳೆಯಿಲ್ಲದೆ ಇರುವಾಗ ಕಾಲುವೆಯಲ್ಲಿ ಹರಿಯುವುದೇ ನಿಮ್ಮ ಒಣ ಹರಿವು. ನೇರವಾಗಿರುವ 10 ಮೀಟರ್ ಕಾಲುವೆ ಆರಿಸಿ, ಎರಡೂ ತುದಿಗೆ ಗುರುತು ಹಾಕಿ, ಒಂದು ನಿಂಬೆಹಣ್ಣು ಬಿಟ್ಟು ದಾಟುವ ಸಮಯ ನೋಡಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಸಿಕ್ಕ ವೇಗವನ್ನು 0.85ರಿಂದ ಗುಣಿಸಬೇಕು. ಕಲ್ಲು, ಹುಲ್ಲು ಇರುವ ಒರಟು ಕಾಲುವೆಯಾದರೆ 0.8. ಉದಾಹರಣೆಗೆ 1.2 ಮೀಟರ್ ಅಗಲ, 5 ಸೆಂ.ಮೀ. ಆಳದ ಹರಿವಿನಲ್ಲಿ ನಿಂಬೆಹಣ್ಣು 85 ಸೆಕೆಂಡಿನಲ್ಲಿ 10 ಮೀಟರ್ ಹೋದರೆ ಹರಿವು ಸೆಕೆಂಡಿಗೆ ಸುಮಾರು 6 ಲೀಟರ್, ದಿನಕ್ಕೆ ಸುಮಾರು 5 ಲಕ್ಷ ಲೀಟರ್. ಇಲಾಖೆಯವರ ಮಾತಿನಲ್ಲಿ ಅರ್ಧ ಎಂಎಲ್‌ಡಿ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್).

ಒಂದು ಸಲ ಅಳೆದರೆ ಸಾಲದು. ಮನೆಗಳ ನೀರು ಬೆಳಿಗ್ಗೆ ಸ್ನಾನದ ಹೊತ್ತಿಗೆ ಉಕ್ಕುತ್ತದೆ, ನಡುರಾತ್ರಿ ದಾಟಿದ ಮೇಲೆ ಸಣ್ಣಗಾಗುತ್ತದೆ. ಬೆಳಿಗ್ಗೆ ಎಂಟರ ಲೆಕ್ಕವನ್ನೇ ಇಡೀ ದಿನಕ್ಕೆ ಹಿಡಿದರೆ ಜೌಗು ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಬಹುದು. ಒಂದು ವಾರದ ದಿನ, ಒಂದು ಭಾನುವಾರ, ಎರಡೂ ದಿನ 24 ಗಂಟೆ, ಗಂಟೆಗೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಕಾಲುವೆಗೆ ತಾತ್ಕಾಲಿಕವಾಗಿ ತಗಡಿನ ಅಡ್ಡಗಟ್ಟು ಹಾಕಲು ಒಪ್ಪಿಗೆ ಸಿಕ್ಕರೆ ಕೆಲಸ ಇನ್ನೂ ಖಚಿತ. ತಗಡಿನ ನಡುವೆ 90 ಡಿಗ್ರಿ ಕೋನದ ‘ವಿ’ ಆಕಾರದ ಗಾಡಿ, ಅಂದರೆ ಕಚ್ಚು, ಕತ್ತರಿಸಿ, ಗಾಡಿಯ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ಒಂದು ಮೀಟರ್ ಹಿಂದೆ ಅಳೆಯಿರಿ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.4 ಲೀಟರ್, 15 ಇದ್ದರೆ 12 ಲೀಟರ್, 20 ಇದ್ದರೆ 25 ಲೀಟರಿಗೆ ತುಸು ಕಡಿಮೆ. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗೂ ಹೆಚ್ಚು, ಆದ್ದರಿಂದ ಅಳತೆಪಟ್ಟಿ ಓದುವಾಗ ಅರ್ಧ ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ.

ಅದೇ ದಿನ ನೀರಿನ ಮಾದರಿಯನ್ನೂ ತೆಗೆದು ಪ್ರಯೋಗಾಲಯಕ್ಕೆ ಕೊಡಿ. ಬಿಒಡಿ (ನೀರಿನ ಕೊಳೆಯನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ), ತೇಲುವ ಘನ, ಅಮೋನಿಯಾ ಸಾರಜನಕ, ಒಟ್ಟು ರಂಜಕ ಇಷ್ಟು ಸಾಕು. ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಬೇಕು. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಅರ್ಧ ದಿನ ಸುತ್ತಿದ ನೀರಿನ ಬಿಒಡಿ ಸುಳ್ಳು ಹೇಳುತ್ತದೆ.

ಎಷ್ಟು ಜಾಗ ಬೇಕು

ಇದು ಇಡೀ ಕೆಲಸದ ನಿರ್ಣಾಯಕ ಹೆಜ್ಜೆ. ತೆರೆದ ನೀರಿನ ಜೌಗು, ಒಂದು ಹೆಕ್ಟೇರಿಗೆ ದಿನಕ್ಕೆ ಸುಮಾರು 45 ಕೆ.ಜಿ. ಬಿಒಡಿ ಹೊರೆಯೊಳಗೆ ಇದ್ದರೆ, ಹೊರಬರುವ ನೀರನ್ನು ಲೀಟರಿಗೆ 20 ಮಿಲಿಗ್ರಾಂ ಆಸುಪಾಸಿನಲ್ಲಿ ಇಡುತ್ತದೆ. ಜಗತ್ತಿನ ಹಲವೆಡೆ ವಿನ್ಯಾಸಕ್ಕೆ ಹಿಡಿಯುವ ಅಂದಾಜು ಇದು.

ಮೇಲಿನ ಅರ್ಧ ಎಂಎಲ್‌ಡಿಯನ್ನೇ ತೆಗೆದುಕೊಳ್ಳಿ. ಅದು ಎಸ್‌ಟಿಪಿ ದಾಟಿ ಬಂದು ಬಿಒಡಿ 30 ಇದ್ದರೆ ದಿನದ ಹೊರೆ 15 ಕೆ.ಜಿ. ಅದೇ ನೀರು ಹಸಿ ಕೊಳಚೆಯಾಗಿ ಬಿಒಡಿ 250 ಇದ್ದರೆ ಹೊರೆ 125 ಕೆ.ಜಿ., ಬೇಕಾಗುವ ಜಾಗ 2.8 ಹೆಕ್ಟೇರ್, ಅಂದರೆ ಸುಮಾರು 7 ಎಕರೆ. ಬೆಂಗಳೂರಿನ ಎಷ್ಟೋ ಕೆರೆಗಳ ಪೂರ್ತಿ ಅಂಗಳವೇ ಅಷ್ಟಿಲ್ಲ. ಹಸಿ ಕೊಳಚೆಯನ್ನು ಜೌಗಿಗೆ ಬಿಡಬಾರದು ಎನ್ನುವುದಕ್ಕೆ ಕಾರಣ ಈ ಲೆಕ್ಕ. ಅಂಥ ಕಡೆ ಮೊದಲ ಕೆಲಸ ಜಲಮಂಡಳಿಯ ಬಳಿ: ರಾಜಕಾಲುವೆಗೆ ಸೇರಿರುವ ಕೊಳಚೆ ಸಂಪರ್ಕಗಳನ್ನು ಗುರುತಿಸಿ ಒಳಚರಂಡಿಗೆ ತಿರುಗಿಸುವುದು. ಕಾಲುವೆಯುದ್ದಕ್ಕೂ ನಡೆದು ಪ್ರತಿ ಪೈಪಿನ ಫೋಟೊ, ಜಾಗ, ಹರಿಯುವ ಹೊತ್ತು ಬರೆದುಕೊಂಡು ಹೋದರೆ ಮಾತು ಬೇಗ ಮುಂದುವರಿಯುತ್ತದೆ. ಬೆಳಿಗ್ಗೆ 7ರಿಂದ 9ರ ನಡುವೆ ನಡೆದರೆ ಕದ್ದು ಜೋಡಿಸಿದ ಪೈಪುಗಳೂ ಹರಿಯುತ್ತಿರುತ್ತವೆ.

ಹೊರೆ ಹಿಡಿತದಲ್ಲಿದ್ದರೆ ಮುಂದಿನದು ನೀರು ನಿಲ್ಲುವ ಕಾಲ. ಐದು ದಿನ ಹಿಡಿಯಿರಿ. ಅರ್ಧ ಎಂಎಲ್‌ಡಿಗೆ ಐದು ದಿನದ ನೀರೆಂದರೆ 2,500 ಘನ ಮೀಟರ್. ಸರಾಸರಿ ಆಳ 40 ಸೆಂ.ಮೀ., ಅದರಲ್ಲಿ ಕಾಲುಭಾಗ ಕಾಂಡ, ಬೇರುಗಳೇ ತುಂಬಿರುತ್ತವೆ. ಭಾಗಿಸಿದರೆ ಸುಮಾರು 8,300 ಚದರ ಮೀಟರ್ ಬರುತ್ತದೆ, ಎರಡು ಎಕರೆ ಎರಡು ಗುಂಟೆ. ಬೆಂಗಳೂರಿನ ಹವೆ ಇಲ್ಲಿ ನಮ್ಮ ಪರ. ಡಿಸೆಂಬರಿನಲ್ಲೂ ನೀರು ಅಷ್ಟು ತಣ್ಣಗಾಗುವುದಿಲ್ಲ, ಬ್ಯಾಕ್ಟೀರಿಯಾಗಳು ವರ್ಷಪೂರ್ತಿ ದುಡಿಯುತ್ತವೆ.

ಕೆರೆಯ ನಡುವೆ ತೇಲುವ ನಾಲ್ಕು ಗಿಡದ ತೆಪ್ಪ ಬಿಟ್ಟರೆ ಸಾಕು ಎನ್ನುವವರಿಗೂ ಉತ್ತರ ಈ ಲೆಕ್ಕದಲ್ಲೇ ಇದೆ. ಕೆಲವು ನೂರು ಚದರ ಅಡಿ ಬೇರು ದಿನಕ್ಕೆ ಲಕ್ಷಗಟ್ಟಲೆ ಲೀಟರಿಗೆ ಏನೂ ಮಾಡಲಾರದು. ಹಕ್ಕಿ ಕೂರಲು ತೆಪ್ಪ ಒಳ್ಳೆಯದು, ಅದಕ್ಕಾಗಿ ಬೇಕಾದರೆ ಹಾಕಿ.

ಗುದ್ದಲಿ ಇಡುವ ಮುನ್ನ ಕೆರೆಯ ಪಾಲಕ ಸಂಸ್ಥೆಯ ಲಿಖಿತ ಒಪ್ಪಿಗೆ, ಸರ್ವೆ ನಕ್ಷೆ ಎರಡೂ ಕೈಯಲ್ಲಿರಲಿ. ಕೆರೆಯಂಗಳವನ್ನು ಅಗೆಯುವುದು, ಮಣ್ಣು ಸಾಗಿಸುವುದು ಬಳಗದ ಹಕ್ಕಲ್ಲ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಇದಕ್ಕೆ ಅನ್ವಯಿಸುತ್ತದೆ.

ಕಸ ತಡೆ, ಹೂಳುಗುಂಡಿ

ಕಾಲುವೆಯಿಂದ ನೀರು ಒಳಬರುವಲ್ಲಿ 5 ಸೆಂ.ಮೀ. ಸಂದಿಯ ಕಬ್ಬಿಣದ ಸರಳಿನ ಜಾಲರಿ, 45ರಿಂದ 60 ಡಿಗ್ರಿ ಓರೆಯಾಗಿ. ನೇರವಾಗಿ ನಿಲ್ಲಿಸಿದರೆ ಪ್ಲಾಸ್ಟಿಕ್ ಅಂಟಿಕೊಂಡು ಒಂದೇ ಮಳೆಗೆ ಕಟ್ಟಿಹೋಗುತ್ತದೆ, ಓರೆಯಾಗಿದ್ದರೆ ಕಸ ಮೇಲಕ್ಕೆ ಸರಿಯುತ್ತದೆ, ಕುಂಟೆಯಲ್ಲಿ ಎಳೆಯಬಹುದು. ಎಳೆಯುವವರು ನಿಲ್ಲಲು ಜಾಲರಿಯ ಮೇಲ್ತುದಿಯಲ್ಲಿ ಒಂದು ಮೀಟರ್ ಅಗಲದ ಕಟ್ಟೆ, ಹಿಡಿದುಕೊಳ್ಳಲು ಕಂಬಿ ಕೊಡಿ. ನಿಲ್ಲಲು ಜಾಗವಿಲ್ಲದ ಜಾಲರಿಯನ್ನು ಯಾರೂ ಶುಚಿ ಮಾಡುವುದಿಲ್ಲ.

ಅದರ ಹಿಂದೆಯೇ ಹೂಳುಗುಂಡಿ. ಅರ್ಧ ಎಂಎಲ್‌ಡಿಗೆ 17 ಮೀಟರ್ ಉದ್ದ, 10 ಮೀಟರ್ ಅಗಲ, 1.5 ಮೀಟರ್ ಆಳ ಮಾಡಿದರೆ ನೀರು ಅರ್ಧ ದಿನ ನಿಲ್ಲುತ್ತದೆ, ಮರಳು, ಮಣ್ಣು, ಟೈರಿನ ಪುಡಿ, ರಸ್ತೆಯ ಧೂಳು ತಳ ಸೇರುತ್ತದೆ. ಜೆಸಿಬಿ ಇಳಿಯಲು 4 ಮೀಟರ್ ಅಗಲದ ಇಳಿಜಾರು ಬೇಕೇ ಬೇಕು, ಆರು ಅಡಿ ಉದ್ದಕ್ಕೆ ಒಂದು ಅಡಿ ಇಳಿಯುವಷ್ಟು. ತೆಗೆದ ಹೂಳು ಒಣಗಲು ಪಕ್ಕದಲ್ಲೇ ಜಾಗ ಇರಲಿ, ಅದರಿಂದ ಬಸಿಯುವ ನೀರು ಗುಂಡಿಗೇ ವಾಪಸ್ ಬರುವಂತೆ. ಮೂರನೇ ಒಂದು ಭಾಗ ಹೂಳು ತುಂಬಿದರೆ ಎತ್ತಿಸಿ, ಏನಿದ್ದರೂ ಏಪ್ರಿಲ್ ಒಳಗೆ. ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ ಗುಂಡಿಯಲ್ಲಿದ್ದ ಹೂಳೆಲ್ಲ ಎದ್ದು ಜೌಗಿನ ಮೊದಲ ಮಡಿಗೆ ಬಂದು ಕೂರುತ್ತದೆ.

ಮಳೆಯ ನೀರು ಪಕ್ಕದ ದಾರಿಯಲ್ಲಿ

ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದು ಅದರಲ್ಲಿ ನೂರಕ್ಕೆ 60 ಭಾಗ ಹರಿದರೂ 30,000 ಘನ ಮೀಟರ್ ನೀರು ಕಾಲುವೆಗೆ ಬೀಳುತ್ತದೆ. ನಿಮ್ಮ ಜೌಗು ಹಿಡಿಯುವುದರ ಹನ್ನೆರಡು ಪಟ್ಟು. ಅದನ್ನು ಒಳಗೆ ಬಿಟ್ಟರೆ ಗಿಡ ಬೇರುಸಹಿತ ಕೆರೆಗೆ ಹೋಗುತ್ತದೆ.

ಆದ್ದರಿಂದ ಕಾಲುವೆಗೆ ಅಡ್ಡಲಾಗಿ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಅದರ ಪಕ್ಕದ ಗೋಡೆಯಲ್ಲಿ ಜೌಗಿಗೆ ಒಂದು ಅಳತೆಯ ರಂಧ್ರ ಬಿಡಬೇಕು. 150 ಮಿ.ಮೀ. ವ್ಯಾಸದ ರಂಧ್ರದ ನಡುವಿನಿಂದ 10 ಸೆಂ.ಮೀ. ಮೇಲಕ್ಕೆ ನೀರು ನಿಂತರೆ ಸೆಕೆಂಡಿಗೆ ಸುಮಾರು 15 ಲೀಟರ್ ಒಳಬರುತ್ತದೆ, ಬೆಳಗಿನ ಏರಿಕೆಗೆ ಇಷ್ಟು ಸಾಕು. ಪ್ರವಾಹ ಬಂದು ಒಂದು ಮೀಟರ್ ಏರಿದರೂ ಒಳಹರಿವು 47 ಲೀಟರ್ ಅಷ್ಟೇ. ಉಳಿದದ್ದು ಕಟ್ಟೆಯ ಮೇಲೆ ಉಕ್ಕಿ ಪಕ್ಕದ ಕಾಲುವೆಯಿಂದ ನೇರ ಕೆರೆಗೆ. ರಂಧ್ರಕ್ಕೆ ಮುಚ್ಚುವ ಗೇಟೂ ಇರಲಿ. ಈ ಕಟ್ಟೆಯ ಎತ್ತರವನ್ನು ಎಂಜಿನಿಯರ್ ಒಬ್ಬರು ಮೇಲಿನ ಬಡಾವಣೆಯ ಮಟ್ಟದೊಂದಿಗೆ ಹೋಲಿಸಿ ನೋಡಲೇಬೇಕು. ಅರ್ಧ ಅಡಿ ಹೆಚ್ಚಾದರೂ ಹಿನ್ನೀರು ತಗ್ಗಿನ ಮನೆಗಳಿಗೆ ನುಗ್ಗೀತು.

ಮಡಿಗಳು, ಮಟ್ಟ, ಗಾಡಿಗಳು

ಒಂದೇ ದೊಡ್ಡ ಮಡಿ ಬೇಡ. ಅಕ್ಕಪಕ್ಕ ಎರಡು, ತಲಾ 35 ಮೀಟರ್ ಅಗಲ, 120 ಮೀಟರ್ ಉದ್ದ. ಒಂದನ್ನು ಒಣಗಿಸಿ ದುರಸ್ತಿ ಮಾಡುವಾಗ ಇನ್ನೊಂದು ನಡೆಯುತ್ತಿರಬೇಕು.

ಪ್ರತಿ ಮಡಿಯಲ್ಲಿ ಮೂರು ಭಾಗ: ಮೊದಲು 30–45 ಸೆಂ.ಮೀ. ಆಳದ ಜೊಂಡು, ನಡುವೆ 1.2 ಮೀಟರ್ ಆಳದ ತೆರೆದ ನೀರು, ಕೊನೆಗೆ ಮತ್ತೆ ಜೊಂಡು. ಇದಕ್ಕೆ ಕಾರಣವಿದೆ. ಒತ್ತಾದ ಜೊಂಡಿನ ಬುಡದಲ್ಲಿ ಆಮ್ಲಜನಕ ಇರುವುದಿಲ್ಲ, ಅಮೋನಿಯಾ ಅಲ್ಲಿ ಬದಲಾಗದೆ ಉಳಿಯುತ್ತದೆ. ಬಿಸಿಲು, ಗಾಳಿ ಬೀಳುವ ತೆರೆದ ನೀರಿನಲ್ಲಿ ಅದು ನೈಟ್ರೇಟ್ ಆಗುತ್ತದೆ. ಆ ನೈಟ್ರೇಟ್ ಕೊನೆಯ ಜೊಂಡಿನ ಆಮ್ಲಜನಕವಿಲ್ಲದ ಕೆಸರಿಗೆ ಬಂದಾಗ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ತೆರೆದ ಭಾಗದಲ್ಲಿ ನೀರು ಎರಡು ದಿನಕ್ಕಿಂತ ಹೆಚ್ಚು ನಿಲ್ಲದಂತೆ ನೋಡಿಕೊಳ್ಳಿ, ಮೂರು ದಿನ ದಾಟಿದರೆ ಪಾಚಿ ಹಸಿರುಗಟ್ಟುತ್ತದೆ. ಆಳದ ಈ ಕಾಲುವೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎಲ್ಲೋ ಒಂದು ಕಡೆ ನುಗ್ಗಿಬಂದ ನೀರು ಇಲ್ಲಿ ನಿಂತು ಮತ್ತೆ ಅಗಲಕ್ಕೆ ಹರಡಿಕೊಳ್ಳುತ್ತದೆ.

ತಳದ ಮಟ್ಟ ಅಗಲದಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ಏರುಪೇರು ಇರಬಾರದು. ಲೇಸರ್ ಲೆವೆಲ್ ಸಿಗದಿದ್ದರೆ ಗಾರೆಯವರ ನೀರಿನ ಲೆವೆಲ್ ಪೈಪ್ ಸಾಕು, 5 ಮೀಟರಿಗೊಂದು ಗೂಟ ಹೊಡೆದು ನೋಡಿ. ಅಂಗಳದ ಕಪ್ಪು ಜೇಡಿಯನ್ನು ಪೂರ್ತಿ ಕೆರೆದು ತೆಗೆಯಬೇಡಿ, ನೀರು ಇಂಗಿ ಖಾಲಿಯಾಗದಂತೆ ತಡೆಯುವುದು ಅದೇ. ಬೇರಿಳಿಯಲು 20–30 ಸೆಂ.ಮೀ. ಮೆತ್ತನೆ ಮಣ್ಣು ಮೇಲೆ ಉಳಿಯಲಿ. ಸುತ್ತಲಿನ ಬದುವನ್ನು 20 ಸೆಂ.ಮೀ. ಪದರಗಳಲ್ಲಿ ನೀರು ಚಿಮುಕಿಸಿ ದಮ್ಮಸು ಮಾಡಿ ಏರಿಸಿ. ನೀರಿನ ಮಟ್ಟದಿಂದ ಅರ್ಧ ಮೀಟರ್ ಎತ್ತರ ಬಿಡಿ, ಒಳಮೈ ಮೂರಕ್ಕೆ ಒಂದರ ಇಳಿಜಾರಿರಲಿ. ಏಡಿ, ಹೆಗ್ಗಣ ಕೊರೆಯುವ ಬಿಲಗಳಿಂದಲೇ ಇಂಥ ಬದುಗಳು ಸೋರುವುದು. ಮಳೆಗಾಲದ ಮೊದಲು ಸುತ್ತು ಹಾಕಿ, ಕಂಡ ಬಿಲಕ್ಕೆ ಜೇಡಿ ತುಂಬಿ ಗುದ್ದಬೇಕು. ಮೇಲೆ ಲಾವಂಚ ಹಾಕಿದರೆ ಮಣ್ಣು ಕೊಚ್ಚುವುದಿಲ್ಲ.

ಎಡವಟ್ಟು ಹೆಚ್ಚಾಗುವುದು ನೀರನ್ನು ಅಗಲಕ್ಕೆ ಹಂಚುವಲ್ಲಿ. 35 ಮೀಟರ್ ಉದ್ದದ ಕಾಂಕ್ರೀಟ್ ದಿಂಡು ಹಾಕಿ ಅದರ ಮೇಲೆ ನೀರು ಸಮನಾಗಿ ಉಕ್ಕಲಿ ಎಂದು ಬಿಡುವುದು ರೂಢಿ. ಒಂದು ಮಡಿಗೆ ಬರುವ ಸೆಕೆಂಡಿಗೆ 3 ಲೀಟರ್ ನೀರು ಅಷ್ಟುದ್ದದ ದಿಂಡಿನ ಮೇಲೆ ಒಂದೂವರೆ ಮಿಲಿಮೀಟರೂ ದಪ್ಪವಿರುವುದಿಲ್ಲ. ಯಾವ ಗಾರೆಯವರೂ ಅಷ್ಟು ನಿಖರವಾಗಿ ದಿಂಡು ಕಟ್ಟಲಾರರು. ಎಲ್ಲಿ ತುಸು ತಗ್ಗೋ ಅಲ್ಲೇ ಇಡೀ ನೀರು ಇಳಿದು, ಒಂದೇ ಗೆರೆಯಲ್ಲಿ ಹರಿದು, ಐದು ದಿನದ ಬದಲು ಐದು ಗಂಟೆಯಲ್ಲಿ ಆಚೆ ಸೇರುತ್ತದೆ. ಮಡಿಯ ಉಳಿದ ಭಾಗದಲ್ಲಿ ನೀರು ಕೊಳೆತು ಸೊಳ್ಳೆಯಾಗುತ್ತದೆ.

ದಿಂಡಿಗೆ ಮೂರೂವರೆ ಮೀಟರಿಗೊಂದರಂತೆ ಹತ್ತು ‘ವಿ’ ಗಾಡಿಯ ಸ್ಟೀಲ್ ತಗಡು ಕೂರಿಸುವುದೇ ಪರಿಹಾರ. ಪ್ರತಿ ಗಾಡಿಯಲ್ಲಿ ನೀರು ಮೂರೂವರೆ ಸೆಂ.ಮೀ. ಎತ್ತರ ನಿಲ್ಲುತ್ತದೆ. ಅರ್ಧ ಸೆಂ.ಮೀ. ಹೆಚ್ಚು ಕಡಿಮೆಯಾದರೂ ಹರಿವಿನಲ್ಲಿ ನೂರಕ್ಕೆ ನಲವತ್ತರಷ್ಟು ವ್ಯತ್ಯಾಸ ಬರಬಹುದೇ ಹೊರತು ಯಾವ ಗಾಡಿಯೂ ಒಣಗುವುದಿಲ್ಲ. ತಗಡಿನ ಬೋಲ್ಟಿನ ತೂತು ಉದ್ದನೆಯದಿರಲಿ, ನೀರು ಬಿಟ್ಟ ಮೇಲೆ ಏರಿಸಿ ಇಳಿಸಿ ಸರಿಮಾಡಬಹುದು. ತೂತು ಕೊರೆದ ಪಿವಿಸಿ ಪೈಪನ್ನು ಈ ಜಾಗದಲ್ಲಿ ಹಾಕಲೇಬೇಡಿ, ಕೂದಲು, ಲೋಳೆ ಕಟ್ಟಿ ತಿಂಗಳೊಳಗೆ ಮುಚ್ಚುತ್ತದೆ.

ಹೊರತೂಬಿಗೆ ಕಾಂಕ್ರೀಟ್ ಪೆಟ್ಟಿಗೆ ಕಟ್ಟಿ, ಎರಡೂ ಬದಿ ಗಾಡಿ ಬಿಟ್ಟು, 5 ಮತ್ತು 10 ಸೆಂ.ಮೀ. ಎತ್ತರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವಂತಿರಲಿ. ಹಲಗೆಗೆ ಬೀಗ ಹಾಕುವ ವ್ಯವಸ್ಥೆ ಮಾಡಿ. ಮೀನು ಹಿಡಿಯಲು ಯಾರಾದರೂ ಒಂದು ರಾತ್ರಿ ಹಲಗೆ ಎತ್ತಿದರೆ ಎಳೆ ಗಿಡಗಳೆಲ್ಲ ಒಣಗುತ್ತವೆ.

ಈಗ ಗಿಡ

ಮಣ್ಣಿನ ಕೆಲಸ ಮೇ ನಡುವಿನೊಳಗೆ ಮುಗಿದು ಜೂನ್–ಜುಲೈಯಲ್ಲಿ ನಾಟಿಯಾದರೆ, ಬೆಂಗಳೂರಿನಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬೇರು ಹಿಡಿದಿರುತ್ತದೆ.

ಆಪು ಅಥವಾ ಜೊಂಡು ಎನ್ನುವ ಟೈಫಾ ಮುಖ್ಯ ಆಳು. ಹೂಳೆತ್ತುತ್ತಿರುವ ಬೇರೆ ಕೆರೆಯಿಂದ ಗಡ್ಡೆ ತರಬಹುದು, ಖರ್ಚಿಲ್ಲ. ಆದರೆ ತಂದ ಗಡ್ಡೆಯನ್ನು ತೊಟ್ಟಿಯಲ್ಲಿ ತೊಳೆದು ಅಂತರಗಂಗೆ, ಅಲಿಗೇಟರ್ ಕಳೆಯ ಚೂರುಗಳನ್ನು ಒಂದೊಂದಾಗಿ ಆರಿಸಿ. ಅಲಿಗೇಟರ್ ಕಳೆ ಒಂದು ಗೆಣ್ಣು ಸಿಕ್ಕರೆ ಸಾಕು, ಇಡೀ ಅಂಚನ್ನು ಹಬ್ಬುತ್ತದೆ. ಒಂದೆರಡು ಮೊಳಕೆಯಿರುವ ಗಡ್ಡೆಯ ತುಂಡು, 25–30 ಸೆಂ.ಮೀ.ಗೆ ಕತ್ತರಿಸಿದ ಕಾಂಡ, 70 ಸೆಂ.ಮೀ. ಅಂತರ. ಹಾಗೆ ನೆಟ್ಟರೆ ಚದರ ಮೀಟರಿಗೆ ಎರಡು. ಮೇಲಿನ ಎರಡು ಮಡಿಯಲ್ಲಿ ಜೊಂಡಿನ ಭಾಗ ಹತ್ತರಲ್ಲಿ ಒಂಬತ್ತು ಪಾಲಾದರೆ ಸುಮಾರು 15,000 ತುಂಡು ಬೇಕು. ಹತ್ತರಲ್ಲಿ ಒಂದು ಹೆಚ್ಚಿಗೆ ತನ್ನಿ.

ಆಪು ಒಂದನ್ನೇ ತುಂಬಬೇಡಿ. 15–20 ಸೆಂ.ಮೀ. ಆಳದ ಅಂಚಿನಲ್ಲಿ ಬಜೆ, ಕಾಬಾಳೆ, ಜೇಕಿನ ಜಾತಿಗಳು, ಒದ್ದೆ ದಡದಲ್ಲಿ ಒಂದೆಲಗ, ನೀರುಬ್ರಾಹ್ಮಿ ಬರಲಿ. ಕೀಟ, ಕಪ್ಪೆ, ಹಕ್ಕಿಗಳಿಗೆ ಈ ಬೆರಕೆ ಬೇಕು. ಕೊಳಚೆಯಲ್ಲಿ ಬೆಳೆದ ಒಂದೆಲಗವನ್ನು ಯಾರೂ ತಂಬುಳಿಗೆ ಕಿತ್ತೊಯ್ಯದಂತೆ ಫಲಕ ಹಾಕಿ.

ನಾಟಿಯ ದಿನ ನೀರು 5 ಸೆಂ.ಮೀ. ಮೀರಬಾರದು. ಕತ್ತರಿಸಿದ ಕಾಂಡದ ತುದಿ ನೀರಿನ ಮೇಲಿರಲೇಬೇಕು. ಆಪಿನ ಕಾಂಡ ಒಳಗೆ ಟೊಳ್ಳು, ಆ ಟೊಳ್ಳಿನಲ್ಲೇ ಗಾಳಿ ಗಡ್ಡೆಗೆ ಇಳಿಯುವುದು. ತುದಿ ಮುಳುಗಿದರೆ ಗಡ್ಡೆ ಕೊಳೆಯುತ್ತದೆ. ಎರಡು ಮೂರು ವಾರದಲ್ಲಿ ಹೊಸ ಎಲೆ ಕಂಡ ಮೇಲೆ ಒಂದು ಹಲಗೆ ಸೇರಿಸಿ 10–15 ಸೆಂ.ಮೀ.ಗೆ ಏರಿಸಿ, ಮುಂದಿನ ಎರಡು ತಿಂಗಳಲ್ಲಿ ಮೆಲ್ಲಗೆ ಪೂರ್ತಿ ಆಳಕ್ಕೆ. ಯಾವಾಗಲೂ ಎಲೆಯ ಮೂರನೇ ಒಂದು ಭಾಗವಾದರೂ ನೀರಿನ ಮೇಲೆ ನಿಂತಿರಲಿ. ನಾಟಿ ವಿಫಲವಾದ ಕಡೆ ಮೊದಲು ನೋಡಬೇಕಾದದ್ದು ಇದನ್ನೇ: ಉದ್ಘಾಟನೆಗೆ ಚೆನ್ನಾಗಿ ಕಾಣಲೆಂದು ಮೊದಲ ದಿನವೇ ಪೂರ್ತಿ ನೀರು ತುಂಬಿಸಿರುತ್ತಾರೆ.

ಬೇಡದ ಕಡೆ ಆಪು ಹಬ್ಬಿದರೆ ಇದೇ ಗುಣವನ್ನು ಬಳಸಿಕೊಳ್ಳಿ. ನೀರಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಕತ್ತರಿಸಿ ಕೆಲವು ವಾರ ಮುಳುಗಿಸಿಟ್ಟರೆ ಔಷಧವಿಲ್ಲದೆ ಸಾಯುತ್ತದೆ.

ಕೆಟ್ಟಾಗ ಏನು ನೋಡಬೇಕು

ಕೊಳೆತ ಮೊಟ್ಟೆಯ ವಾಸನೆ, ಕಪ್ಪಾದ ಬುಡ, ಹಳದಿ ಕುಳ್ಳ ಎಲೆ ಕಂಡರೆ ಹೊರೆ ಹೆಚ್ಚಾಗಿದೆ, ಮೇಲೆಲ್ಲೋ ಹಸಿ ಕೊಳಚೆ ಸೇರಿದೆ. ಆ ಮಡಿಗೆ ನೀರು ನಿಲ್ಲಿಸಿ, ಹಲಗೆ ತೆಗೆದು, ಒಂದೆರಡು ವಾರ ಕೆಸರಿಗೆ ಗಾಳಿ ಬಿಡಿ. ಅಷ್ಟರಲ್ಲಿ ಕಾಲುವೆಯುದ್ದಕ್ಕೂ ನಡೆದು ಮೂಲ ಹುಡುಕಿ.

ಗಿಡ ಚೆನ್ನಾಗಿದ್ದೂ ಹೊರನೀರು ಸುಧಾರಿಸದಿದ್ದರೆ ಅಡ್ಡದಾರಿ ಹುಡುಕಬೇಕು. 50 ಕೆ.ಜಿ. ಕಲ್ಲುಪ್ಪನ್ನು 200 ಲೀಟರಿನ ಎರಡು ಡ್ರಮ್‌ನಲ್ಲಿ ಕರಗಿಸಿ ಒಳಹರಿವಿಗೆ ಕಾಲು ಗಂಟೆಯಲ್ಲಿ ಮೆಲ್ಲಗೆ ಸುರಿಯಿರಿ. ಹೊರತೂಬಿನಲ್ಲಿ ಟಿಡಿಎಸ್ (ಕರಗಿದ ಲವಣ) ಅಳೆಯುವ ಪೆನ್ನಿನಿಂದ ಗಂಟೆಗೊಮ್ಮೆ ಓದಿ ಬರೆಯಿರಿ. ಕೆಲವೇ ಗಂಟೆಯಲ್ಲಿ ಅಂಕಿ ಜಿಗಿದು ಇಳಿದರೆ ನೀರು ಒಂದೇ ಗೆರೆಯಲ್ಲಿ ಓಡುತ್ತಿದೆ. ಅಂಥ ಜಿಗಿತವೇ ಕಾಣದೆ ಎರಡು ಮೂರು ದಿನಗಳ ಮೇಲೆ ತುಸು ಏರಿದರೆ ಹಂಚಿಕೆ ಸರಿಯಿದೆ. ಇಷ್ಟು ಉಪ್ಪಿನಿಂದ ಕೆರೆಗೆ ಹಾನಿಯಿಲ್ಲ. ಟಿಡಿಎಸ್ 700 ಇರುವ ಅರ್ಧ ಎಂಎಲ್‌ಡಿ ನೀರು ದಿನವೂ 350 ಕೆ.ಜಿ. ಲವಣ ಹೊತ್ತೇ ಬರುತ್ತದೆ.

ಸೊಳ್ಳೆ ಹುಟ್ಟುವುದು ಹರಿಯುವ ನೀರಿನಲ್ಲಲ್ಲ, ಬಿದ್ದ ಜೊಂಡಿನ ಕೆಳಗೆ ಮೀನು ನುಗ್ಗಲಾಗದ ಕೊಳಕಿನಲ್ಲಿ. ಬಿದ್ದದ್ದನ್ನು ತೆಗೆದು ತೆರೆದ ನೀರಿಗೆ ದಾರಿ ಮಾಡಿ, ಸಣ್ಣ ಸ್ಥಳೀಯ ಮೀನುಗಳೇ ಮರಿಹುಳುಗಳನ್ನು ತಿನ್ನುತ್ತವೆ. ಹೊರದೇಶದ ಗ್ಯಾಂಬೂಸಿಯಾ ಬಿಡಬೇಡಿ, ಅದು ಕಪ್ಪೆಯ ಗೊದಮೊಟ್ಟೆ, ಬೇರೆ ಮೀನಿನ ಮರಿಗಳನ್ನೂ ಬಿಡುವುದಿಲ್ಲ. ಸಾಮಾನ್ಯ ಗೆಂಡೆಯೂ ಬೇಡ, ತಳ ಕೆದಕಿ ಎಳೆ ಗಿಡ ಕೀಳುತ್ತದೆ. ಅಂತರಗಂಗೆ ಒಳ್ಳೆಯ ಗೊಬ್ಬರದ ನೀರಿನಲ್ಲಿ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ, ಕಂಡ ದಿನವೇ ಕೈಯಿಂದ ಎತ್ತಬೇಕು.

ನೀರಿಗಿಳಿಯುವವರಿಗೆ ಗಮ್‌ಬೂಟು, ಕೈಗವಸು ಕಡ್ಡಾಯ. ಗಾಯವಿದ್ದವರು ಇಳಿಯಬಾರದು, ಇಲಿ ಜ್ವರದ ಭಯ ನಿಜವಾದದ್ದು. ಮ್ಯಾನ್‌ಹೋಲಿಗೆ ಯಾರನ್ನೂ ಇಳಿಸಬೇಡಿ. ಅದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ.

ಕೊಯ್ಲು

ವರ್ಷಕ್ಕೆ ಮೂರನೇ ಒಂದು ಭಾಗ, ಸರದಿಯಂತೆ, ಜನವರಿಯಿಂದ ಮಾರ್ಚ್ ನಡುವೆ. ಮಳೆಗಾಲದಲ್ಲಿ ಜಂಬುಕೋಳಿ, ದೇವನಕ್ಕಿ ಗೂಡು ಕಟ್ಟುತ್ತವೆ, ಆಗ ಕತ್ತಿ ಹಾಕಬಾರದು. ಎಲೆ ಹಸಿರಾಗಿರುವಾಗಲೇ ಕೊಯ್ಯಿರಿ. ಕಂದಾಗುವ ಹೊತ್ತಿಗೆ ಸಾರಜನಕ, ರಂಜಕದ ಬಹುಪಾಲು ಗಡ್ಡೆಗೆ ಇಳಿದಿರುತ್ತದೆ, ಕೈಗೆ ಬರುವುದು ಒಣ ನಾರು. ನೀರಿನ ಮೇಲೆ 20 ಸೆಂ.ಮೀ. ಬುಡ ಬಿಡಿ. ಪೂರ್ತಿ ಕೊಯ್ಯುವುದೂ ತಪ್ಪು. ನೈಟ್ರೇಟನ್ನು ಅನಿಲ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಹಾರ ಕೊಳೆತ ಎಲೆಯ ಇಂಗಾಲವೇ.

ಕೊಯ್ದದ್ದನ್ನು ದಡದಲ್ಲಿ ಒಟ್ಟಿದರೆ ಮೊದಲ ಮಳೆಗೆ ಅದರ ರಸ ಮತ್ತೆ ನೀರಿಗೇ. ಅದೇ ದಿನ ಸಾಗಿಸಿ, ಸಗಣಿ ಬೆರೆಸಿ ಗೊಬ್ಬರ ಮಾಡಿ. ಕಾರ್ಖಾನೆಯ ನೀರು ಸೇರುವ ಕಾಲುವೆಯಾದರೆ ಆ ಗೊಬ್ಬರವನ್ನು ಸೊಪ್ಪು ತರಕಾರಿಗೆ ಹಾಕಬೇಡಿ, ದನಕ್ಕೂ ಅಲ್ಲಿನ ಹುಲ್ಲು ಬೇಡ, ಲೋಹಗಳು ಎಲೆಗೆ ಏರುತ್ತವೆ.

ಕೆರೆಯ ಅಂಚು, ಮುಂಜಾನೆಯ ಅಳತೆ

ಜೌಗು ದಾಟಿದ ನೀರು ಇಳಿಯುವ ಕೆರೆ ಬಟ್ಟಲಿನಂತೆ ಒಂದೇ ಆಳಕ್ಕೆ ಅಗೆದದ್ದಾಗಿದ್ದರೆ ಅಂಚಿನಲ್ಲಿ ಜೀವ ನಿಲ್ಲುವುದಿಲ್ಲ. ಒಂದು ಬದಿಯಲ್ಲಾದರೂ ಹತ್ತು ಅಡಿಗೆ ಒಂದು ಅಡಿ ಇಳಿಯುವ ದಡ ಉಳಿಸಿ. ಬೇಸಿಗೆಯಲ್ಲಿ ಅಲ್ಲಿ ಕಾಣುವ ಕೆಸರನ್ನು ಮುಚ್ಚಲು ಹೋಗಬೇಡಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ದೂರದಿಂದ ಬರುವ ಉಲ್ಲಂಕಿಗಳಿಗೆ ಊಟ ಅಲ್ಲೇ.

ಕರಗಿದ ಆಮ್ಲಜನಕವನ್ನು ಬೆಳಗಿನ ಜಾವ 5ರಿಂದ 6ರ ನಡುವೆ ಅಳೆಯಿರಿ. ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ, ಹಸಿರುಗಟ್ಟಿದ ಕೆರೆಯ ಅಂಕಿ ಆಗ ತುಂಬ ಚೆನ್ನಾಗಿ ಕಾಣುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಮುಂಜಾನೆಗೆ ಖಾಲಿ ಮಾಡಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಆದಂತೆ ಸಾವಿರಾರು ಮೀನು ಒಟ್ಟಿಗೆ ತೇಲುವುದನ್ನು ತಡೆಯಬೇಕಾದರೆ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದ ದಿನವೇ ಒಳಹರಿವು ನೋಡಬೇಕು. ಬೇಸಿಗೆಯ ಮೊದಲ ಮಳೆಯ ಮರುದಿನ ತಪ್ಪದೆ ಅಳೆಯಿರಿ, ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳೆ ಅಂದು ಒಟ್ಟಿಗೆ ಇಳಿದಿರುತ್ತದೆ.

ಪ್ರಯೋಗಾಲಯದ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ನಾಲ್ಕು ಕಡೆಯಿಂದ: ಕಾಲುವೆ, ಹೂಳುಗುಂಡಿಯ ಹೊರಬಾಯಿ, ತೆರೆದ ನೀರು, ಹೊರತೂಬು. ಎಲ್ಲಿಂದ ಎಲ್ಲಿಗೆ ಅಂಕಿ ಇಳಿಯುತ್ತಿಲ್ಲವೋ ಕೆಲಸ ಅಲ್ಲಿದೆ. ಬಿಒಡಿ, ಸಾರಜನಕ ಇಳಿಯುತ್ತಿದ್ದೂ ಕೆಲವು ವರ್ಷಗಳ ಮೇಲೆ ರಂಜಕ ಒಳಗೆ ಬಂದಷ್ಟೇ ಹೊರಗೆ ಹೋಗಲು ಶುರುವಾದರೆ ಮಣ್ಣು ತುಂಬಿಕೊಂಡಿದೆ ಎಂದರ್ಥ. ರಂಜಕ ಗಾಳಿಗೆ ಹೋಗುವ ವಸ್ತುವಲ್ಲ, ಕೆಸರಿನಲ್ಲೇ ಕೂರುತ್ತದೆ. ಆಗ ಒಂದು ಮಡಿಯನ್ನು ಫೆಬ್ರವರಿಯಲ್ಲಿ ಒಣಗಿಸಿ, ಒಳಬಾಯಿಯ ಕಡೆಯ ಮೂರನೇ ಒಂದು ಭಾಗದ ಮೇಲ್ಪದರದ ಕೆಸರನ್ನು 15–20 ಸೆಂ.ಮೀ. ಎತ್ತಿಸಿ, ಮಟ್ಟ ಮತ್ತೆ ನೋಡಿ, ಪಕ್ಕದ ಮಡಿಯ ಗಡ್ಡೆಗಳನ್ನೇ ತಂದು ಜೂನ್‌ನಲ್ಲಿ ನೆಡಿ. ಇನ್ನೊಂದು ಮಡಿಯ ಸರದಿ ಮುಂದಿನ ವರ್ಷ.